ಯಾರು ಹೇಳಿದ್ದು, ಯಾರು ಕೇಳಿದ್ದು

ನಮ್ಮ ಬೀದಿಯ ತಿರುವಿನಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯಿದೆ. ಬೆಳಿಗ್ಗೆ ಎಂಟೂವರೆಗೆ ಹುರಿಯಲು ಶುರು ಮಾಡುತ್ತಾರೆ. ಎಂಟೂ ಮುಕ್ಕಾಲಿಗೆ ಅದರ ವಾಸನೆ ನಮ್ಮ ಅಡುಗೆಮನೆಗೆ ಬರುತ್ತದೆ. ಆ ಹೊತ್ತಿಗೆ ನಾನು ತಿಂಡಿ ಮುಗಿಸಿ, ಪಾತ್ರೆ ತೊಳೆದಿಟ್ಟು, ಪತ್ರಿಕೆಯ ಎರಡನೆಯ ಪುಟದಲ್ಲಿರುತ್ತೇನೆ. ವಾಸನೆ ಬಂದ ಕೂಡಲೇ ಪತ್ರಿಕೆ ಕೆಳಗಿಟ್ಟು, ಎರಡು ನಿಮಿಷ ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ಗೆ ಹೋಗಿ ಬರುತ್ತೇನೆ. ಆ ಊರಿನಲ್ಲಿಯೂ ಕಾಫಿ ಹುರಿಯುವ ಕಾರ್ಖಾನೆಯಿದೆ. ಗಾಳಿ ಸರಿಯಾದ ಕಡೆಯಿಂದ ಬೀಸಿದರೆ ಊರಿಗೆ ಊರೇ ಕಾಫಿ ವಾಸನೆ. ಮೊದಲ ದಿನ ರೈಲಿನಿಂದ ಇಳಿದು ಉಸಿರೆಳೆದಾಗ, ಹಿಮ ಕಾಲಡಿಯಲ್ಲಿ ಇರದಿದ್ದರೆ ಮೈಸೂರೆಂದೇ ಅಂದುಕೊಳ್ಳುತ್ತಿದ್ದೆ.

ಅದು ೨೦೧೬ರ ಮಾರ್ಚ್. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೇಳು ವರ್ಷ ಕೆಲಸ ಮಾಡಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾಗಿದ್ದೆ. ನನ್ನ ತಂಗಿಯ ಮಗಳು ಅನುಪಮಾ ಕಾರ್ಲ್‌ಸ್ಟಾಡ್‌ನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಫೆಬ್ರವರಿಯಲ್ಲಿ ಬಸ್ ನಿಲ್ದಾಣದ ಬಳಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಮೇ ಕೊನೆಯ ವಾರ ಅವಳ ಅಂತಿಮ ಸೆಮಿನಾರ್. ಬರೆಯುವ ಕೈ ಪ್ಲಾಸ್ಟರಿನಲ್ಲಿತ್ತು. ತಂಗಿಗೆ ಕಾಲೇಜಿನ ಪರೀಕ್ಷೆಗಳು, ಬಿಟ್ಟು ಹೋಗುವಂತಿರಲಿಲ್ಲ. "ಅಕ್ಕಾ, ನೀನು ಹೋದ್ರೆ ಅವಳ ಕೈಯೂ ಸರಿ ಹೋಗುತ್ತೆ, ರೂಮೂ ಸರಿ ಹೋಗುತ್ತೆ" ಎಂದಳು. ತೊಂಬತ್ತು ದಿನಗಳ ವೀಸಾ ಸಿಕ್ಕಿತು. ಹೊರಟೆ.

ರೂಮು ಸರಿ ಹೋಗಲು ನಾಲ್ಕು ದಿನ ಹಿಡಿಯಿತು. ನಾನು ಐದೂವರೆಗೆ ಏಳುವವಳು. ಆರಕ್ಕೆ ಹಾಸಿಗೆ ಸರಿಪಡಿಸುತ್ತೇನೆ. ಹೊದಿಕೆಯ ಮೂಲೆಗಳನ್ನು ಆಸ್ಪತ್ರೆಯ ರೀತಿಯಲ್ಲಿ, ಲಕೋಟೆಯ ಹಾಗೆ ಮಡಿಸಿ, ಒಳಗೆ ಸಿಕ್ಕಿಸುತ್ತೇನೆ. ಅನು ಎಂಟಕ್ಕೆ ಏಳುವವಳು. ಹಾಗಾಗಿ ಮೊದಲ ವಾರ ಅವಳನ್ನು ಹಾಸಿಗೆಯ ಸಮೇತ ಮಡಿಸುವ ಪರಿಸ್ಥಿತಿ ಬಂತು.

"ದೊಡ್ಡಮ್ಮ, ಪ್ಲೀಸ್, ನಾನು ಪೇಷೆಂಟ್. ಪೇಷೆಂಟ್‌ಗೆ ರೆಸ್ಟ್ ಬೇಕು."

"ಮುರಿದಿರೋದು ಕೈ. ಕಾಲಿಂದ ಎದ್ದೇಳು."

ಅವಳು ಎದ್ದಳು, ಗೊಣಗುತ್ತಲೇ. ಒಂದು ವಾರದಲ್ಲಿ ಏಳು ಗಂಟೆಗೆ ಬಂದಳು. ಅದಕ್ಕಿಂತ ಕೆಳಗೆ ನಾನೂ ಎಳೆಯಲಿಲ್ಲ.

ಆ ದೇಶ ನನ್ನ ಮನಸ್ಸಿಗೆ ಹಿಡಿಸಿದ್ದು ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಿಂದ. ಇಡೀ ಕಟ್ಟಡಕ್ಕೆ ಒಂದೇ ಕೋಣೆ. ಗೋಡೆಯ ಮೇಲೆ ತಿಂಗಳ ಪಟ್ಟಿ. ನಿಮ್ಮ ಮನೆಯ ಗುರುತನ್ನು ನಿಮಗೆ ಬೇಕಾದ ಸಮಯಕ್ಕೆ ಸಿಕ್ಕಿಸಬೇಕು; ಆ ಮೂರು ಗಂಟೆ ನಿಮ್ಮದು. ಒಂದು ನಿಮಿಷ ಮೊದಲೂ ಇಲ್ಲ, ಒಂದು ನಿಮಿಷ ಆಮೇಲೂ ಇಲ್ಲ. ಡ್ಯೂಟಿ ಚಾರ್ಟು ನೋಡಿದಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿಯೇ ಮೊದಲ ಸಲ ಹತ್ತು ನಿಮಿಷ ಮುಂಚೆ ಬುಟ್ಟಿ ಹಿಡಿದು ಹೋಗಿಬಿಟ್ಟೆ. ಒಳಗೆ ಎಪ್ಪತ್ತು ದಾಟಿದ ಒಬ್ಬಾಕೆ ಟವೆಲ್ ಮಡಿಸುತ್ತಿದ್ದರು. ನನ್ನನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಮತ್ತೆ ನನ್ನನ್ನು ನೋಡಿದರು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತೆ. ಸರಿಯಾಗಿ ಹತ್ತಕ್ಕೆ ಅವರೇ ಬಾಗಿಲು ತೆಗೆದು ತಲೆಬಾಗಿದರು. ಅವರ ಹೆಸರು ಗುನ್ನೆಲ್. ಕೆಳಗಿನ ಮನೆಯವರು. ಸ್ವೀಡನ್ನಿನಲ್ಲಿ ನಾನು ಮೊದಲು ಗೌರವಿಸಿದ ವ್ಯಕ್ತಿ.

ಅನುವಿನ ಕೆಲಸಕ್ಕೆ ನಾನು ಕೈಯಾಗಬೇಕಿತ್ತು. ಅವಳ ವಿಷಯ ಹಳೆಯ ಇಂಗ್ಲಿಷ್ ಗಾದೆಗಳು. ಸಾವಿರ ವರ್ಷಕ್ಕೂ ಹಿಂದಿನ ಹಸ್ತಪ್ರತಿಗಳ ಫೋಟೋಗಳು ಅವಳ ಕಂಪ್ಯೂಟರಿನಲ್ಲಿದ್ದವು. ಅವಳು ನೋಡಿ ಹೇಳುತ್ತಿದ್ದಳು, ನಾನು ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಕಂಪ್ಯೂಟರಿನಲ್ಲಿಯೇ ಬರೆಯಬಹುದಲ್ಲ ಎಂದರೆ, "ಗೋಡೆ ಮೇಲಿದ್ರೆ ಒಟ್ಟಿಗೆ ಕಾಣತ್ತೆ ದೊಡ್ಡಮ್ಮ, ಸ್ಕ್ರೀನ್‌ನಲ್ಲಿ ಒಂದೊಂದೇ ಕಾಣತ್ತೆ" ಎಂದಳು. ನನಗೆ ಅರ್ಥವಾಯಿತು. ವಾರ್ಡಿನಲ್ಲಿಯೂ ಅಷ್ಟೇ: ಬಾಗಿಲಲ್ಲಿ ನಿಂತು ಮೂವತ್ತು ಹಾಸಿಗೆಯನ್ನು ಒಮ್ಮೆಲೇ ನೋಡಿದವಳಿಗೆ ತಿಳಿಯುವುದು ಕೇಸ್ ಶೀಟ್ ಓದಿದವಳಿಗೆ ತಿಳಿಯುವುದಿಲ್ಲ.

ಪ್ರತಿ ಚೀಟಿಯ ಮೇಲೆ ಗಾದೆ. ಅದರ ಕೆಳಗೆ ಮೂರು ಸಾಲು: ಯಾರು ಹೇಳಿದ್ದು, ಯಾರು ಕೇಳಿದ್ದು, ಯಾರು ಬರೆದದ್ದು. ಗೊತ್ತಿಲ್ಲದ ಸಾಲನ್ನು ಖಾಲಿ ಬಿಡಬೇಕು. ಊಹೆ ಬರೆಯುವ ಹಾಗಿಲ್ಲ.

"ಇದು ನಮ್ಮ ರಿಪೋರ್ಟ್ ಬುಕ್ ಕಣೇ" ಎಂದೆ. "ಯಾವ ಔಷಧಿ, ಯಾರು ಬರೆದಿದ್ದು, ಯಾರು ಕೊಟ್ಟಿದ್ದು. ಯಾರು ನಿಂಗೆ ಇದನ್ನ ಕಲಿಸಿದ್ದು?"

"ಒಬ್ಬ ಹಳೇ ಹಿಸ್ಟೋರಿಯನ್."

ಹೀಗೆ ಆ ಇತಿಹಾಸಕಾರ ನಮ್ಮ ಮನೆಗೆ ಬಂದರು. ಹದಿಮೂರು ಶತಮಾನಗಳ ಹಿಂದೆ ಇಂಗ್ಲೆಂಡಿನ ಒಂದು ಮಠದಲ್ಲಿದ್ದ ಸನ್ಯಾಸಿ. ತನ್ನ ಜನರ ಇತಿಹಾಸ ಬರೆದವರು. ಅವರ ಹೆಸರು ನನ್ನ ಬಾಯಿಗೆ ಒಗ್ಗಲಿಲ್ಲವಾದ್ದರಿಂದ ನಾನು ಅವರನ್ನು ಇತಿಹಾಸದಜ್ಜ ಎಂದು ಕರೆದೆ. ಕ್ರಮೇಣ ಅನುವೂ ಹಾಗೆಯೇ ಕರೆಯತೊಡಗಿದಳು. ಅಜ್ಜ ಏನೇ ಬರೆದರೂ ಅದನ್ನು ತನಗೆ ಹೇಳಿದವರು ಯಾರೆಂದು ಜೊತೆಗೇ ಬರೆಯುತ್ತಿದ್ದರಂತೆ. ಇದನ್ನು ಇಂಥ ಮಠದ ಹಿರಿಯರು ಹೇಳಿದರು. ಇದನ್ನು ಕಣ್ಣಾರೆ ಕಂಡ ಮುದುಕನೊಬ್ಬನಿಂದ ಕೇಳಿದೆ. ಇದು ಜನ ಆಡಿಕೊಳ್ಳುವ ಮಾತು, ಇದರ ಮೂಲ ನನಗೆ ತಿಳಿಯದು ಎಂದು.

"ಒಳ್ಳೇ ನರ್ಸ್ ಆಗ್ತಿದ್ರು" ಎಂದೆ. ನನ್ನ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಅದು.

ಆದರೆ ಅಜ್ಜನ ನಂತರ ಬಂದವರು ಅಷ್ಟು ಅಚ್ಚುಕಟ್ಟಾಗಿರಲಿಲ್ಲ. ಎಲ್ಲಿಂದಲೋ ಬಂದ ಗಾದೆಗಳನ್ನು ಅಜ್ಜನ ಹೆಸರಿಗೆ ಅಂಟಿಸಿದರು. ಹೆಸರು ದೊಡ್ಡದಿದ್ದರೆ ಮಾತಿಗೆ ತೂಕ ಬರುತ್ತದಲ್ಲ. ಅನುವಿನ ಮುಖ್ಯ ಅಧ್ಯಾಯ ಇದೇ: ಅಜ್ಜನ ಹೆಸರಿನಲ್ಲಿರುವ ಮಾತುಗಳು ನಿಜವಾಗಿ ಯಾರವು?

ಎರಡನೆಯ ವಾರದ ಒಂದು ಬೆಳಿಗ್ಗೆ. ನಾನು ಹಾಸಿಗೆಯ ಮೂಲೆ ಮಡಿಸುತ್ತಾ, ಅಭ್ಯಾಸಬಲದಿಂದ ಒಂದು ಇಂಗ್ಲಿಷ್ ಗಾದೆ ಹೇಳಿಕೊಂಡೆ. ಹಾಸಿಗೆಯ ಕುರಿತಾದದ್ದು. ನಲವತ್ತೈದು ವರ್ಷಗಳಿಂದ ನನ್ನ ಕೈ ಆ ಮೂಲೆಗೆ ಬಂದಾಗಲೆಲ್ಲ ಬಾಯಿಗೆ ಆ ಮಾತು ಬರುತ್ತದೆ. ಹಲ್ಲುಜ್ಜುತ್ತಿದ್ದ ಅನು ಬ್ರಷ್ ಹಿಡಿದೇ ಓಡಿ ಬಂದಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ! ನನ್ನ ಹಸ್ತಪ್ರತಿಗಳಲ್ಲಿ ಇಂಥದ್ದೇ ಒಂದಿದೆ. ನಿಮಗೆಲ್ಲಿ ಸಿಕ್ತು ಇದು?"

"ಟ್ರೇನಿಂಗಿನಲ್ಲಿ. ದೊಡ್ಡ ಮಿಸ್ಸಮ್ಮ ಹೇಳ್ತಿದ್ರು."

ದೊಡ್ಡ ಮಿಸ್ಸಮ್ಮ ಎಂದರೆ ನಾನು ಕಲಿತ ನರ್ಸಿಂಗ್ ಶಾಲೆಯ ಮೊದಲ ಮೇಟ್ರನ್, ಇಂಗ್ಲೆಂಡಿನವರು. ಅವರ ಫೋಟೋ ಊಟದ ಹಾಲಿನಲ್ಲಿತ್ತು. ಆ ಫೋಟೋದ ಕಣ್ಣಿಗೆ ಹೆದರಿ ನಾವು ಸಾರು ಚೆಲ್ಲುತ್ತಿರಲಿಲ್ಲ.

"ಅವರೇ ಹೇಳಿದ್ದಾ? ನೀವೇ ಕೇಳಿದ್ದಾ?"

"ನನ್ನ ಕಿವಿಯಾರೆ" ಎಂದೆ.

ಅದು ಸುಳ್ಳು. ನಾನು ಶಾಲೆಗೆ ಸೇರುವ ಎರಡು ವರ್ಷ ಮೊದಲೇ ಮಿಸ್ಸಮ್ಮ ತಮ್ಮ ದೇಶಕ್ಕೆ ಹಿಂತಿರುಗಿದ್ದರು. ನಾನು ನೋಡಿದ್ದು ಫೋಟೋ ಮಾತ್ರ. ಆ ಮಾತನ್ನು ನಮಗೆ ಹೇಳುತ್ತಿದ್ದವರು ಟ್ಯೂಟರ್ ಆಗಿದ್ದ ಕಮಲಾಕ್ಷಿ ಸಿಸ್ಟರ್, "ಮಿಸ್ಸಮ್ಮ ಹೇಳಿದ್ದು" ಎಂದು ಸೇರಿಸಿ. ಮುಂದೆ ನಾನು ಸ್ಟಾಫ್ ನರ್ಸ್ ಆದಾಗ, ನನ್ನ ಕೈಕೆಳಗಿನ ಹುಡುಗಿಯರು ಕೇಳಲಿ ಎಂದು ನಡುವಿನ ಸಿಸ್ಟರನ್ನು ಬಿಟ್ಟು, "ಮಿಸ್ಸಮ್ಮ ನನಗೆ ಹೇಳಿದ್ದು" ಎನ್ನತೊಡಗಿದೆ. ವರ್ಷಗಳು ಕಳೆದಂತೆ ಅದಕ್ಕೆ ಮಿಸ್ಸಮ್ಮನ ಬೂಟಿನ ಸದ್ದು, ಬೆಳ್ಳಿಯ ಗಡಿಯಾರ ಎಲ್ಲ ಸೇರಿಕೊಂಡವು. ಹೇಳಿ ಹೇಳಿ ನನಗೇ ಆ ಸದ್ದು ಕೇಳಿಸುತ್ತಿತ್ತು.

ಅನು ಎಡಗೈಯಲ್ಲಿ, ಒಂದನೇ ಕ್ಲಾಸಿನ ಮಗುವಿನ ಅಕ್ಷರದಲ್ಲಿ, ಚೀಟಿ ಬರೆದಳು. ಹೇಳಿದ್ದು ಮಿಸ್ಸಮ್ಮ, ಕೇಳಿದ್ದು ವಿಮಲಾ, ಬರೆದದ್ದು ಅನುಪಮಾ. ಗೋಡೆಯ ನಟ್ಟನಡುವೆ ಅಂಟಿಸಿದಳು. ಅಷ್ಟು ಚೀಟಿಗಳಲ್ಲಿ ಮೂರೂ ಸಾಲು ತುಂಬಿದ್ದು ಅದೊಂದೇ.

ಅವಳ ಮಾರ್ಗದರ್ಶಕಿ ಬಿರ್ಗಿಟ್ಟಾ ಕಾಫಿಗೆ ಬಂದಾಗ ಆ ಚೀಟಿ ಓದಿ ಚಪ್ಪಾಳೆ ತಟ್ಟಿದರು. ಹಳೆಯ ಪುಸ್ತಕಗಳಲ್ಲಿ ಮಲಗಿದ್ದ ಮಾತು ಹೀಗೆ ಬಾಯಿಂದ ಬಾಯಿಗೆ ಬಂದು ಎದುರಿಗೆ ಕೂತಿದೆ, ಅಧ್ಯಾಯವನ್ನು ಇಲ್ಲಿಂದಲೇ ಶುರು ಮಾಡು ಎಂದು ಅನುವಿಗೆ ಹೇಳಿದರು. ಹೋಗುವಾಗ ನನ್ನ ಕೈ ಹಿಡಿದು "ತಾಕ್, ವಿಮಲಾ" ಎಂದು ಧನ್ಯವಾದ ಹೇಳಿದರು. ಮೂವತ್ತು ವರ್ಷಗಳಿಂದ ಮನೆಯ ಹೊರಗೆ ನನ್ನನ್ನು ಯಾರೂ ಬರೀ ಹೆಸರು ಹಿಡಿದು ಕರೆದಿರಲಿಲ್ಲ. ನನಗೆ ಖುಷಿಯಾಯಿತು, ನಿಜ ಹೇಳಬೇಕೆಂದರೆ ಬಹಳ ಖುಷಿಯಾಯಿತು. ಸುಳ್ಳು ಆ ಖುಷಿಯ ಅಡಿಯಲ್ಲಿ ಮಡಿಸಿದ ಹೊದಿಕೆಯ ಹಾಗೆ ಬಿಗಿಯಾಗಿ ಕೂತಿತು.

ಏಪ್ರಿಲ್‌ನಲ್ಲಿ ಊರು ಬದಲಾಯಿತು. ನದಿಯ ಮೇಲಿನ ಮಂಜುಗಡ್ಡೆ ಪೂರ್ತಿ ಹೋಗಿ ನೀರು ಸದ್ದು ಮಾಡತೊಡಗಿತು. ಚಳಿಗಾಲದಲ್ಲಿ ಜನ ಜಾರದಿರಲೆಂದು ರಸ್ತೆಗೆಲ್ಲ ಎರಚಿದ್ದ ಸಣ್ಣ ಕಲ್ಲುಗಳನ್ನು ಯಂತ್ರಗಳು ಬಂದು ಗುಡಿಸಿ ಒಯ್ದವು. ಒಂದೊಂದು ಬೀದಿಗೂ ಒಂದೊಂದು ದಿನ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಇಡೀ ಊರಿನ ಕಸ ಗುಡಿಸುವುದನ್ನು ಕಣ್ಣಿಗೆ ಹಬ್ಬ ಎನ್ನುವವಳು ನಾನೊಬ್ಬಳೇ ಇರಬೇಕು.

ಯುಗಾದಿಯ ಮರುದಿನ, ಶನಿವಾರ, ಕನ್ನಡದವರೆಲ್ಲ ಒಂದು ಹಾಲಿನಲ್ಲಿ ಸೇರಿದೆವು. ಶೋವ್ಡೆ ಎಂಬ ಊರಿನ ಕಾರ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಎರಡು ಕುಟುಂಬಗಳು ಒಬ್ಬಟ್ಟಿನ ಡಬ್ಬಿ ಹಿಡಿದು ಬಂದಿದ್ದವು. ಬೇವು ಯಾರದೋ ಫ್ರೀಜರಿನಿಂದ ಬಂತು. ಊಟದ ನಂತರ ಅನು ನನ್ನನ್ನು ಮುಂದೆ ತಳ್ಳಿದಳು. "ದೊಡ್ಡಮ್ಮ, ಮಿಸ್ಸಮ್ಮನ ಸ್ಟೋರಿ ಹೇಳಿ!" ಹೇಳಿದೆ. ಬೂಟಿನ ಸದ್ದು, ಬೆಳ್ಳಿಯ ಗಡಿಯಾರ, ಎಲ್ಲ. ಜನ ನಕ್ಕರು. ಮುಂದೆ ನೆಲದ ಮೇಲೆ ಕೂತಿದ್ದ ಹತ್ತು ವರ್ಷದ ಧೃತಿ ಕೈ ಎತ್ತಿದಳು. ಶೋವ್ಡೆಯಿಂದ ಬಂದಿದ್ದವರ ಮಗಳು. ಸ್ವೀಡಿಷ್‌ನಲ್ಲಿ ಏನೋ ಕೇಳಿದಳು.

"ಕನ್ನಡದಲ್ಲಿ ಕೇಳು ಪುಟ್ಟಾ" ಎಂದರು ಅವಳಮ್ಮ.

"ಅಜ್ಜಿ, ನೀವು ಅಲ್ಲಿ ಇದ್ರಾ? ಆಗ? ಅವರು ಹೇಳುವಾಗ?"

ಎಲ್ಲರೂ ಮತ್ತೆ ನಕ್ಕರು. ಅವಳಮ್ಮ ನಾಚಿಕೊಂಡು, "ತಪ್ಪು ತಿಳ್ಕೋಬೇಡಿ ಆಂಟಿ, ಇಲ್ಲಿ ಸ್ಕೂಲ್‌ನಲ್ಲಿ ಇದನ್ನೇ ಕಲಿಸ್ತಾರೆ. ಯಾರು ಹೇಳಿದ್ದು, ಅವರು ಅಲ್ಲಿದ್ರಾ, ಹೇಗೆ ಗೊತ್ತು ಅಂತ. ಮನೇಲಿ ನಾನು ಉಪ್ಪು ಜಾಸ್ತಿ ತಿನ್ಬಾರ್ದು ಅಂದ್ರೂ ಸೋರ್ಸ್ ಕೇಳ್ತಾಳೆ" ಎಂದರು.

ಮಗು ಇನ್ನೂ ನನ್ನನ್ನೇ ನೋಡುತ್ತಿತ್ತು.

"ಇದ್ದೆ" ಎಂದೆ. ನಲವತ್ತು ಜನರ ಎದುರಿಗೆ.

ಒಬ್ಬಟ್ಟು ಆಮೇಲೆ ರುಚಿಸಲಿಲ್ಲ. ಆದರೂ ಎರಡು ತಿಂದೆ, ಅನುಮಾನ ಬರಬಾರದೆಂದು.

ಏಪ್ರಿಲ್ ಮಧ್ಯದಲ್ಲಿ ಪ್ಲಾಸ್ಟರ್ ತೆಗೆದರು. ದಿನಕ್ಕೆ ಮೂರು ಸಲ ನಾನು ಅವಳ ಕೈಗೆ ವ್ಯಾಯಾಮ ಮಾಡಿಸುತ್ತಿದ್ದೆ. ಅವಳು ದಿನಕ್ಕೆ ಮೂರು ಸಲ ನನ್ನನ್ನು ಬೈಯುತ್ತಿದ್ದಳು. ಮೇ ಮೊದಲ ವಾರದ ಹೊತ್ತಿಗೆ ಅವಳೇ ಟೈಪ್ ಮಾಡತೊಡಗಿದಳು. ಒಂದು ಮಧ್ಯಾಹ್ನ ಪರದೆಯ ಮೇಲೆ ಹಸ್ತಪ್ರತಿಯ ಫೋಟೋ ದೊಡ್ಡದು ಮಾಡಿ ತೋರಿಸಿದಳು.

"ನೋಡಿ, ಇಲ್ಲಿ ಮೊದ್ಲು ಬೇರೆ ಯಾವ್ದೋ ಹೆಸರಿತ್ತು. ನಕಲು ಮಾಡಿದವನು ಅದನ್ನ ಚಾಕುವಿನಿಂದ ಕೆರೆದು ಹಾಕಿದಾನೆ. ಅದರ ಮೇಲೆ ಅಜ್ಜನ ಹೆಸರು ಬರೆದಿದಾನೆ."

ನನಗೆ ಸಿಟ್ಟೇ ಬಂತು. "ಎಂಥ ಸುಳ್ಳ! ನನ್ನ ವಾರ್ಡಿನಲ್ಲಿದ್ದಿದ್ರೆ ಅವತ್ತೇ ಮೆಮೋ ಕೊಡ್ತಿದ್ದೆ. ಬೇರೆಯವರ ಹೆಸರು ಅಳಿಸೋಕೆ ಇವನ್ಯಾರು?"

"ಪಾಪ, ಬಿಡಿ ದೊಡ್ಡಮ್ಮ" ಎಂದು ಅನು ನಕ್ಕಳು. "ಅವನ ಶಿಷ್ಯರು ಮಾತು ಕೇಳ್ತಿರಲಿಲ್ಲ ಅನ್ಸತ್ತೆ. ದೊಡ್ಡವರ ಹೆಸರು ಹೇಳಿದ್ರೆ ಕೇಳ್ತಾರೆ ಅಂತ ಮಾಡಿರ್ತಾನೆ."

ಗೋಡೆಯ ನಡುವಿನ ಚೀಟಿ ನನ್ನ ಬೆನ್ನಿಗೆ ತಾಗಿದಂತಾಯಿತು.

ಮರುದಿನ ಬೆಳಿಗ್ಗೆ ಹೊದಿಕೆಯ ಮೂಲೆ ಸೊಟ್ಟಗಾಯಿತು. ಬಿಚ್ಚಿ ಮಡಿಸಿದೆ, ಮತ್ತೆ ಸೊಟ್ಟ. ಇನ್ನು ಆಗದು ಎಂದು, ಏಳಕ್ಕೆ ಅನು ಅಡುಗೆಮನೆಗೆ ಬಂದ ಕೂಡಲೇ, ನಿಂತುಕೊಂಡೇ ಹೇಳಿಬಿಟ್ಟೆ. ಮಿಸ್ಸಮ್ಮನನ್ನು ನಾನು ನೋಡಿಲ್ಲ. ಕೇಳಿದ್ದು ಕಮಲಾಕ್ಷಿ ಸಿಸ್ಟರ್ ಬಾಯಿಂದ. ಆ ಚೀಟಿ ಸುಳ್ಳು.

ಅವಳು ಕುರ್ಚಿ ಎಳೆದು ಕೂತಳು.

"ದೊಡ್ಡಮ್ಮ, ನಿನ್ನೆ ಸಂಜೆ ಚಾಪ್ಟರ್ ಕಳಿಸ್ಬಿಟ್ಟೆ."

ಸೆಮಿನಾರಿಗೆ ಬೇರೆ ವಿಶ್ವವಿದ್ಯಾಲಯದಿಂದ ಒಬ್ಬ ಹಿರಿಯ ವಿದ್ವಾಂಸರು ಬರುವವರಿದ್ದರು. ಪ್ರಬಂಧವನ್ನು ಸಾಲುಸಾಲಾಗಿ ಓದಿ ಪ್ರಶ್ನೆ ಕೇಳುವುದು ಅವರ ಕೆಲಸ. ಆಧಾರವಿಲ್ಲದ ಒಂದು ಸಾಲು ಸಿಕ್ಕಿದರೂ ಬಿಡುವವರಲ್ಲ ಎಂದು ಹೆಸರಾದವರು. ಅವರ ಕೈಗೆ ಅಧ್ಯಾಯ ಹೋಗಿತ್ತು, ಅದರ ಮೊದಲ ಪುಟದಲ್ಲಿಯೇ ನಾನಿದ್ದೆ.

"ದೊಡ್ಡ ಹೆಸರನ್ನ ನಂಬಬೇಡಿ ಅಂತ ಅರವತ್ತು ಪುಟ ಬರೆದಿದೀನಿ" ಎಂದಳು ಅನು. "ಶುರು ಮಾಡಿದ್ದೇ ಸುಳ್ಳಿಂದ. ಅವರು ಹೇಗೆ ಗೊತ್ತು ಅಂತ ಕೇಳಿದ್ರೆ ನಮ್ಮ ದೊಡ್ಡಮ್ಮ ಸುಳ್ಳು ಹೇಳಲ್ಲ ಅಂತಿದ್ದೆ ನಾನು. ನಾಲ್ಕು ವರ್ಷದ ಕೆಲಸ... ಧೃತಿ ಕೇಳ್ದಾಗಾದ್ರೂ ಹೇಳ್ಬಹುದಿತ್ತಲ್ಲ?"

ತಿಂಡಿ ತಿನ್ನದೆ ಬಸ್ಸಿಗೆ ಹೋದಳು. ಎಡಗೈಯಲ್ಲಿ ಚೀಲ, ಬಲಗೈ ಎದೆಗೆ ಒತ್ತಿಕೊಂಡು.

ನಾನು ಪಾತ್ರೆ ತೊಳೆದೆ. ಆಮೇಲೆ ಮೇಜಿಗೆ ಕೂತೆ. ನನ್ನ ವಾರ್ಡುಗಳಲ್ಲಿ ಒಂದು ನಿಯಮವಿತ್ತು: ತಪ್ಪಾದರೆ, ಆ ಶಿಫ್ಟು ಮುಗಿಯುವುದರೊಳಗೆ ಬರೆದು ಕೊಡಬೇಕು. ಬರೆದು ಕೊಟ್ಟವಳಿಗೆ ನಾನು ಎಂದೂ ಶಿಕ್ಷೆ ಕೊಟ್ಟಿಲ್ಲ. ಮುಚ್ಚಿಟ್ಟವಳಿಗೆ ಕೊಡದೆ ಬಿಟ್ಟಿಲ್ಲ. ನನ್ನ ಶಿಫ್ಟು ನಲವತ್ತು ವರ್ಷ ತಡವಾಗಿತ್ತು. ಒಂದು ಬಿಳಿ ಹಾಳೆ ತೆಗೆದು, ಅಂಚು ಬಿಟ್ಟು ಗೆರೆ ಎಳೆದು, ಇಂಗ್ಲಿಷಿನಲ್ಲಿ ವರದಿ ಬರೆದೆ. ಘಟನೆಯ ಸ್ವರೂಪ: ಮಾತಿನ ಮೂಲ ತಪ್ಪಾಗಿ ನಮೂದು. ತಪ್ಪು ಮಾಡಿದವರು: ವಿಮಲಾ. ಎಷ್ಟು ಸಲ: ಲೆಕ್ಕವಿಲ್ಲ. ಬಾಧಿತರು: ಕಮಲಾಕ್ಷಿ ಸಿಸ್ಟರ್, ಅನುಪಮಾ, ಒಂದು ಮಗು. ಇದುವರೆಗೆ ತೆಗೆದುಕೊಂಡ ಕ್ರಮ: ಇಲ್ಲ. ಮುಂದಿನ ಕ್ರಮ: ಕಮಲಾಕ್ಷಿ ಸಿಸ್ಟರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು. ಸಹಿ ಹಾಕಿದೆ.

ಸಂಜೆ ಅನು ಬಂದಳು. ಕೈಯಲ್ಲಿ ಏಲಕ್ಕಿ ಹಾಕಿದ ಬನ್ನಿನ ಪೊಟ್ಟಣವಿತ್ತು. ಅದನ್ನು ನೋಡಿ ಅರ್ಧ ಧೈರ್ಯ ಬಂತು. ಹಾಳೆಯನ್ನು ಮುಂದಿಟ್ಟೆ. ಗಂಭೀರವಾಗಿ ಓದುತ್ತಾ ಹೋದವಳು "ಎಷ್ಟು ಸಲ" ಎಂಬ ಸಾಲಿಗೆ ಬಂದಾಗ ತುಟಿ ಕಚ್ಚಿದಳು. "ಒಂದು ಮಗು" ಎಂಬಲ್ಲಿ ಬಿದ್ದು ಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬಂತು, ಅದು ಪೂರ್ತಿ ನಗುವಿನದ್ದಾಗಿರಲಿಲ್ಲ.

"ನಾಳೆನೇ ಕರೆಕ್ಷನ್ ಕಳಿಸ್ತೀನಿ. ಈ ರಿಪೋರ್ಟೂ ಜೊತೆಗೆ. ಬನ್ನು ತಿನ್ನಿ."

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಅಲ್ಲಿ ಮಧ್ಯಾಹ್ನ ಎರಡೂವರೆ, ಸಿಸ್ಟರಿಗೆ ಫೋನ್ ಮಾಡಿದೆವು. ಅವರಿಗಾಗ ಎಂಬತ್ತು. ಮಂಡ್ಯದಲ್ಲಿ ಮಗಳ ಮನೆಯಲ್ಲಿದ್ದರು. ಅನು ಸ್ಪೀಕರ್ ಹಾಕಿ, ಪೆನ್ನು ಹಿಡಿದು ಕೂತಳು. ನಾನು ಎಲ್ಲ ವಿವರಿಸಿ, "ಮಿಸ್ಸಮ್ಮ ನಿಮಗೆ ಅದನ್ನ ಯಾವಾಗ ಹೇಳಿದ್ದು ಸಿಸ್ಟರ್?" ಎಂದು ಕೇಳಿದೆ.

ಆ ಕಡೆ ಕೆಮ್ಮು. ಆಮೇಲೆ ನಗು.

"ಅಯ್ಯೋ ವಿಮಲಾ, ಮಿಸ್ಸಮ್ಮ ನಂಗೆಲ್ಲಿ ಹೇಳ್ತಾರೆ! ಅವರು ನನ್ನ ಜೊತೆ ಗುಡ್ ಮಾರ್ನಿಂಗ್ ಬಿಟ್ರೆ ಇನ್ನೇನೂ ಮಾತಾಡಿದೋರಲ್ಲ."

ನಾನು ಅನುವಿನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

"ಮತ್ತೆ ಯಾರು ಸಿಸ್ಟರ್?"

"ಲಾಂಡ್ರಿ ಮರಿಯಮ್ಮ ಕಣೇ. ಮರೆತ್‌ಬಿಟ್ಯಾ? ಮಿಸ್ಸಮ್ಮನ ಬಂಗಲೆ ಬಟ್ಟೆ ಎಲ್ಲ ಅವಳೇ ಒಗೀತಿದ್ದಿದ್ದು. ಹಾಸಿಗೆ ಬಟ್ಟೆ ಕೊಡೋಕೆ ಬಂದಾಗೆಲ್ಲ ಹೇಳೋಳು, ಕನ್ನಡದಲ್ಲಿ. ಚೆನ್ನಾಗಿದೆ ಅಂತ ನಾನು ಅದನ್ನ ಇಂಗ್ಲಿಷ್ ಮಾಡಿದೆ. ಲಾಂಡ್ರಿ ಮರಿಯಮ್ಮ ಹೇಳಿದ್ದು ಅಂದ್ರೆ ನೀವು ಹುಡುಗೀರು ಕೇಳ್ತಿದ್ರಾ? ಮೂಗು ಮುರೀತಿದ್ರಿ. ಅದಕ್ಕೇ ಮಿಸ್ಸಮ್ಮ ಅಂದೆ. ನೀನಂತೂ ಎದ್ದು ನಿಂತ್ಕೊಂಡು ಕೇಳ್ತಿದ್ದೆ!"

"ಮರಿಯಮ್ಮನಿಗೆ ಯಾರು ಹೇಳಿದ್ದಂತೆ?" ಅನು ಮುಂದೆ ಬಾಗಿ ಕೇಳಿದಳು.

"ಮಿಸ್ಸಮ್ಮ ಹೇಳ್ತಿದ್ರು ಅಂತಿದ್ಲು. ಅವಳಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಮಿಸ್ಸಮ್ಮನಿಗೆ ಕನ್ನಡ ಅಷ್ಟಕ್ಕಷ್ಟೆ. ಹೆಂಗೆ ಮಾತಾಡ್ಕೊಂಡ್ರೋ ಆ ದೇವರಿಗೇ ಗೊತ್ತು. ಅದೂ ಅವಳೇ ಸೇರಿಸಿದ್ದೋ ಏನೋ, ನಾನು ಮಾತು ಕೇಳ್ಲಿ ಅಂತ!"

ನನಗೆ ಮರಿಯಮ್ಮ ನೆನಪಾದಳು. ಐವತ್ತು ದಾಟಿದ, ಕೈ ಸದಾ ನೀರಿನಲ್ಲಿದ್ದು ಬೆಳ್ಳಗೆ ಸುಕ್ಕಾಗಿದ್ದ ಹೆಂಗಸು. ಹಾಸಿಗೆ ಬಟ್ಟೆಯ ಗಂಟು ಎಣಿಸಿ ತೆಗೆದುಕೊಳ್ಳುವಾಗ ನಾನು ಅವಳ ಮುಖವನ್ನೇ ನೋಡಿದವಳಲ್ಲ.

ಅನು ಹಳೆಯ ಚೀಟಿ ಹರಿಯಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಅಂಟಿಸಿದಳು. ನಾನು ಗುಂಡಗಿನ ಅಕ್ಷರದಲ್ಲಿ ಬರೆದೆ: ಮರಿಯಮ್ಮ ಹೇಳಿದ್ದು, ಕಮಲಾಕ್ಷಿ ಕೇಳಿದ್ದು, ಅವರಿಂದ ವಿಮಲಾ ಕೇಳಿದ್ದು. ಮರಿಯಮ್ಮನ ಹಿಂದೆ ಮಿಸ್ಸಮ್ಮ ಇದ್ದರೋ ಇಲ್ಲವೋ ತಿಳಿಯದು. ಅನು ಎರಡೂ ಚೀಟಿಗಳನ್ನು ನೋಡುತ್ತಾ ನಿಂತಿದ್ದಳು.

"ದೊಡ್ಡಮ್ಮ, ಆ ಕೆರೆದು ಹಾಕಿದ ಹೆಸರು... ಅವಳೂ ಯಾರೋ ಮರಿಯಮ್ಮನೇ ಇರಬೇಕು ಅಲ್ವಾ?"

"ಊಹೆ ಬರೆಯೋ ಹಾಗಿಲ್ಲ" ಎಂದೆ.

"ಬರೆಯಲ್ಲ. ಬರೀ ಹೇಳಿದೆ."

ಸೆಮಿನಾರಿನ ದಿನ ನಾನು ಕೊನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಮೈಸೂರು ಸಿಲ್ಕ್ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತೆ. ಹಿರಿಯ ವಿದ್ವಾಂಸರು ಎತ್ತರದ, ಬಿಳಿ ಗಡ್ಡದ ಮನುಷ್ಯ. ಒಂದೂವರೆ ಗಂಟೆ ಅನುವನ್ನು ಬೆವರಿಳಿಸಿದರು. ಅವಳು ಬಲಗೈಯನ್ನು ಮೇಜಿನ ಕೆಳಗೆ ಹಿಸುಕಿಕೊಳ್ಳುತ್ತಾ ಉತ್ತರ ಕೊಟ್ಟಳು. ಕೊನೆಗೆ ಅವರು ನನ್ನ ವರದಿಯನ್ನು, ಅನು ಆಮೇಲೆ ಕಳಿಸಿದ್ದ ಮರಿಯಮ್ಮನ ಚೀಟಿಯ ಪ್ರತಿಯ ಜೊತೆ, ಕೈಯಲ್ಲಿ ಎತ್ತಿ ಹಿಡಿದರು. ಇದನ್ನು ಬರೆದವರು ಇಲ್ಲಿದ್ದಾರೆಯೇ ಎಂದು ಕೇಳಿದರು. ಎಲ್ಲರೂ ತಿರುಗಿ ನೋಡಿದರು. ನಾನು ಎದ್ದು ನಿಂತೆ. ಬಿರ್ಗಿಟ್ಟಾ ಕೂತಿರಿ ಎಂದು ಸನ್ನೆ ಮಾಡಿದರೂ ಕೂರಲಿಲ್ಲ. ತಪಾಸಣೆಗೆ ಬಂದವರ ಮುಂದೆ ಕೂತು ಉತ್ತರಿಸಿ ನನಗೆ ಅಭ್ಯಾಸವಿಲ್ಲ.

ಒಂದೇ ಪ್ರಶ್ನೆ ಕೇಳಿದರು. ಮರಿಯಮ್ಮ ಅದನ್ನು ಮಿಸ್ಸಮ್ಮನಿಂದಲೇ ಕೇಳಿದ್ದರೆಂದು ನೀವು ಖಚಿತವಾಗಿ ಹೇಳಬಲ್ಲಿರಾ?

ಹೌದು ಎಂದರೆ ಕಥೆ ಎಷ್ಟು ಚೆನ್ನಾಗಿರುತ್ತದೆಂದು ಆ ಕ್ಷಣದಲ್ಲಿಯೂ ನನಗನ್ನಿಸಿತು.

"ಗೊತ್ತಿಲ್ಲ ಸರ್" ಎಂದೆ. "ಮರಿಯಮ್ಮ ಹಾಗೆಂದಳೆಂದು ಕಮಲಾಕ್ಷಿ ಸಿಸ್ಟರ್ ಹೇಳಿದರು. ನಾನು ಅಲ್ಲಿರಲಿಲ್ಲ."

ಯೂನಿಫಾರ್ಮ್ ತೊಟ್ಟಿದ್ದ ಅಷ್ಟೂ ವರ್ಷ ಗೊತ್ತಿಲ್ಲ ಎಂದು ಜೋರಾಗಿ ಹೇಳಿದ ನೆನಪಿಲ್ಲ. ಹೇಳಿದ ಮೇಲೆ ಮೈ ಹಗುರಾಯಿತು. ಅವರು ತಲೆಯಾಡಿಸಿ, ಅನುವಿನ ಕಡೆ ತಿರುಗಿ, ಈ ಉತ್ತರವನ್ನು ಹಾಗೆಯೇ ಅಧ್ಯಾಯದಲ್ಲಿ ಸೇರಿಸಿಕೊ, ಅದನ್ನೇ ಮೊದಲಿಗಿಡು ಎಂದರು. ಆಮೇಲೆ ಕಾಫಿ, ಕೇಕು. ಬಿರ್ಗಿಟ್ಟಾ ನನಗೆ ಎರಡು ತುಂಡು ಕೊಟ್ಟರು. ಅನು ಆ ಕಾರಿಡಾರಿನಲ್ಲಿ, ಎಲ್ಲರ ಎದುರಿಗೆ, ನನ್ನನ್ನು ತಬ್ಬಿಕೊಂಡಳು. ಎರಡೂ ಕೈಯಿಂದ. ಬಲಗೈಯ ಹಿಡಿತ ನೋಡಿಕೊಂಡೆ, ಚೆನ್ನಾಗಿತ್ತು.

ಹೊರಡುವ ಎರಡು ದಿನ ಮೊದಲು ಕೊನೆಯ ಸಲ ಬಟ್ಟೆ ಒಗೆಯುವ ಕೋಣೆಗೆ ಹೋದೆ, ಸರಿಯಾದ ಸಮಯಕ್ಕೆ. ಗುನ್ನೆಲ್ ಬುಟ್ಟಿ ಕಟ್ಟಿಕೊಂಡು ಹೊರಡುತ್ತಿದ್ದವರು ನಿಂತು, ನನ್ನ ದೊಡ್ಡ ಹೊದಿಕೆಯ ಇನ್ನೊಂದು ತುದಿ ಹಿಡಿದರು. ಇಬ್ಬರೂ ಎಳೆದು, ಹೆಜ್ಜೆ ಮುಂದಿಟ್ಟು, ಮಡಿಸಿದೆವು. ನನ್ನ ಬಾಯಿಂದ ಆ ಮಾತು ತಾನಾಗಿಯೇ ಬಂತು. ಸನ್ನೆಯಲ್ಲಿ, ಹರಕು ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ಆಕೆ ಜೋರಾಗಿ ನಕ್ಕು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅದೇ ಮಾತು ಅವರಲ್ಲಿಯೂ ಇದೆಯಂತೆ! ಅಜ್ಜಿ ಹೇಳುತ್ತಿದ್ದರಂತೆ.

ನಾನು ಸೆರಗಿನಲ್ಲಿ ಸಿಕ್ಕಿಸಿದ್ದ ಪೆನ್ನು ತೆಗೆದೆ. "ಯಾವ ಅಜ್ಜಿ? ಅಮ್ಮನ ಅಮ್ಮನೋ, ಅಪ್ಪನ ಅಮ್ಮನೋ? ಹೆಸರು?"

ಅಮ್ಮನ ಅಮ್ಮ. ಎಲ್ಸಾ. ಚೀಟಿಯಿಲ್ಲದ್ದರಿಂದ ಸೋಪಿನ ಡಬ್ಬಿಯ ಮುಚ್ಚಳದ ಹಿಂದೆ ಬರೆದುಕೊಂಡೆ. ನನ್ನ ಪಾಳಿಯ ಮೂರು ಗಂಟೆಯಲ್ಲಿ ಇಪ್ಪತ್ತು ನಿಮಿಷ ಹೀಗೆ ಹೋಯಿತು. ಇಬ್ಬರೂ ಗಡಿಯಾರ ನೋಡಲಿಲ್ಲ.

ಎರಡು ವರ್ಷದ ಮೇಲೆ ಅನುವಿನ ಪುಸ್ತಕ ಅಂಚೆಯಲ್ಲಿ ಬಂತು. ಅದನ್ನು ಹಿಡಿದು ಮಂಡ್ಯಕ್ಕೆ ಹೋದೆ. ಸಿಸ್ಟರ್ ಭೂತಗನ್ನಡಿ ಹಿಡಿದು ಪುಟ ನೋಡಿದರು. ಮೊದಲು ಮರಿಯಮ್ಮ, ಆಮೇಲೆ ಅವರು, ಆಮೇಲೆ ನಾನು.

"ಮಿಸ್ಸಮ್ಮ ಎಲ್ಲಿ?"

"ಕೆಳಗೆ ಇದಾರೆ ಸಿಸ್ಟರ್. ಪಕ್ಕದಲ್ಲಿ ಒಂದು ಪ್ರಶ್ನೆ ಗುರುತಿದೆ."

"ಅಯ್ಯೋ, ಕೋಪ ಮಾಡ್ಕೋತಾರೆ ಕಣೇ" ಎಂದು ಬಾಯಿಗೆ ಸೆರಗು ಒತ್ತಿ ನಕ್ಕರು.

ಆ ಮಾತು ಯಾವುದೆಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಅದನ್ನು ನನ್ನಿಂದಲೇ, ಎದುರಿಗೆ ಕೂತು ಕೇಳಿದೆವು ಎಂದು ಎಲ್ಲಾದರೂ ಹೇಳಿಬಿಡುತ್ತೀರಿ.

ಈಗಲೂ ಪ್ರತಿ ಬುಧವಾರ ಇಲ್ಲಿನ ಒಂದು ನರ್ಸಿಂಗ್ ಶಾಲೆಗೆ ಪಾಠ ಮಾಡಲು ಹೋಗುತ್ತೇನೆ. ಒಂಬತ್ತೂವರೆಯಿಂದ ಹತ್ತೂ ಕಾಲು, ಹಾಸಿಗೆ ಹಾಸುವ ವಿಧಾನ. ಮೂಲೆ ಮಡಿಸುವಾಗ ಆ ಮಾತು ಹೇಳಿ, ಲಾಂಡ್ರಿ ಮರಿಯಮ್ಮ ಹೇಳಿದ್ದು ಎನ್ನುತ್ತೇನೆ. ಮಿಸ್ಸಮ್ಮನ ಹೆಸರಿಗೆ ಹುಡುಗಿಯರು ತೆಪ್ಪಗಾಗುತ್ತಿದ್ದರು. ಈಗ ಯಾವಳಾದರೂ ಒಬ್ಬಳು ಕೇಳಿಯೇ ಕೇಳುತ್ತಾಳೆ, "ಯಾರು ಮೇಡಂ ಮರಿಯಮ್ಮ?"

ಹೊದಿಕೆ ಕೈಯಲ್ಲಿಯೇ ಹಿಡಿದು ಹೇಳಲು ಶುರು ಮಾಡುತ್ತೇನೆ. ಹತ್ತೂ ಕಾಲಿಗೆ ಗಂಟೆ ಹೊಡೆಯುತ್ತದೆ. ಒಂದು ಹಾಸಿಗೆಯೂ ಆಗಿರುವುದಿಲ್ಲ.